ಕಪ್ಪುಕುಳಿಗೆ ಅಷ್ಟೊಂದು ಹಸಿವಿಲ್ಲ

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಭೌತಶಾಸ್ತ್ರದ ಬಗ್ಗೆ ಮಾತಾಡಲು ಹೋದಾಗಲೆಲ್ಲ ಒಂದೇ ಪ್ರಶ್ನೆ. ‘ಮಾಷ್ಟ್ರೇ, ಸಣ್ಣ ಕಪ್ಪುಕುಳಿಯೊಂದು ಭೂಮಿಯೊಳಗೆ ಬಿದ್ದರೆ ಎಲ್ಲವನ್ನೂ ಎಳೆದುಕೊಳ್ತದಲ್ವಾ?’ ಮಕ್ಕಳು ಕೇಳಿದರೆ ಸರಿ. ಅಧ್ಯಾಪಕರೂ ಕೇಳುತ್ತಾರೆ!

ಇಲ್ಲ. ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಎಂದರೆ ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಬಿಗಿಯಾಗಿ ಒತ್ತಿಹೋದದ್ದು, ಆದರೆ ಅದಕ್ಕೆ ಬೇರೆ ಜಾತಿಯ ಸೆಳೆತವೇನೂ ಇಲ್ಲ. ಎಷ್ಟು ತೂಕವೋ ಅಷ್ಟೇ ಸೆಳೆತ. ಸೂರ್ಯ ಅಷ್ಟೇ ತೂಕದ ಕಪ್ಪುಕುಳಿಯಾದರೆ ನಾವು ಚಳಿಗೆ ಸತ್ತೇವು, ಆದರೆ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ. 100 ಕೋಟಿ ಟನ್ನಿನ ಕಪ್ಪುಕುಳಿಯನ್ನು ತೆಗೆದುಕೊಳ್ಳಿ. ತೂಕ ಗುಡ್ಡದ್ದು, ಗಾತ್ರ ಪರಮಾಣುವಿನ ಒಳಗಿನ ಕಣವಾದ ಪ್ರೋಟಾನಿನದ್ದು. ಒಂದು ಮೀಟರ್ ದೂರದಲ್ಲಿ ಅದರ ಸೆಳೆತ ಭೂಮಿಯದ್ದರ ಸುಮಾರು ಏಳು ಪಟ್ಟು. ನಿಜ, ಹತ್ತಿರ ಹೋಗಬೇಡಿ. ಹತ್ತು ಮೀಟರ್ ದೂರ ಸರಿದರೆ ಭೂಮಿಯ ಸೆಳೆತದ ಹತ್ತರಲ್ಲಿ ಒಂದು ಪಾಲೂ ಇಲ್ಲ. ಪಕ್ಕದ ತೋಟದ ಅಡಿಕೆ ಮರ ಬಾಗುವುದೂ ಇಲ್ಲ.

ನುಂಗಬೇಕಾದರೆ ಆ ಪುಟ್ಟ ಬಾಯಿಗೇ ಬಂದು ಬೀಳಬೇಕು. ಬೀಳುವ ವಸ್ತು ಕಾದು ಬೆಳಕು ಚೆಲ್ಲುತ್ತದೆ. ಆ ಬೆಳಕು ಹಿಂದಿನಿಂದ ಬರುವುದನ್ನು ತಳ್ಳುತ್ತದೆ. ಭೂಮಿ ಮುಗಿಯಲು ಎಷ್ಟು ವರ್ಷ ಎಂದು ಮಾತ್ರ ಕೇಳಬೇಡಿ. ಏನನ್ನು ಊಹಿಸಿಕೊಂಡು ಲೆಕ್ಕ ಶುರುಮಾಡುತ್ತೇವೋ ಅದರಂತೆ ಉತ್ತರ ಬದಲಾಗುತ್ತದೆ.

2008ರಲ್ಲಿ ಜಿನೀವಾ ಬಳಿ ಸರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಶುರುವಾದಾಗಲೂ, ಅದರಲ್ಲಿ ಪುಟ್ಟ ಕಪ್ಪುಕುಳಿ ಹುಟ್ಟೀತು ಎಂದು ಇದೇ ಹೆದರಿಕೆ. ಅದಕ್ಕಿಂತ ಜೋರಾದ ಡಿಕ್ಕಿಗಳನ್ನು ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ತಲೆಯ ಮೇಲೆ ಕೋಟಿಗಟ್ಟಲೆ ವರ್ಷಗಳಿಂದ ನಡೆಸುತ್ತಿವೆ. ಅಷ್ಟು ಸಣ್ಣ ಕಪ್ಪುಕುಳಿಗಳು ಹುಟ್ಟಿದರೂ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 1974ರಲ್ಲಿ ಹೇಳಿದಂತೆ ಕ್ಷಣದೊಳಗೆ ಆವಿಯಾಗಬೇಕು. ಆ ಆವಿಯಾಗುವಿಕೆಯನ್ನು ಯಾರೂ ಇನ್ನೂ ಕಂಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬದಿಯಡ್ಕ ಕಡೆಯ ಸಭೆಯೊಂದರಲ್ಲಿ, ನೀರಿಗಾಗಿ ಗುಡ್ಡದಲ್ಲಿ ಸುರಂಗ ತೋಡುವ ಹಿರಿಯರೊಬ್ಬರು ಎದ್ದು ನಿಂತರು. ‘ಅದು ತೂತು ಕೊರೆದರೆ ಮಣ್ಣು ಎಲ್ಲಿಗೆ ಹೋಗ್ತದೆ ಮಾಷ್ಟ್ರೇ?’ ಎಂಥ ಪ್ರಶ್ನೆ! ಮುರಕಲ್ಲು ಹೊತ್ತು ಹೊರಹಾಕಿದವರಿಗೇ ಅದು ಹೊಳೆಯುವುದು. ಪ್ರೋಟಾನಿನಷ್ಟು ದಾರಿಯಲ್ಲಿ ಹೊರಹಾಕುವಷ್ಟು ಮಣ್ಣೇ ಇಲ್ಲ ಅಣ್ಣ, ಎಂದೆ. ಹಾದಿಯ ಅಕ್ಕಪಕ್ಕದ ಕಲ್ಲು ಕಾಯುತ್ತದೆ, ನಡುಗುತ್ತದೆ. ಭೂಕಂಪ ಅಳೆಯುವ ಯಂತ್ರಗಳಿಗೆ ಅದು ತಿಳಿದರೂ ತಿಳಿಯಬಹುದು.

‘ಒಳಗೇ ಉಳಿಯುತ್ತದಾ?’ ಎಂದರು. ಆಕಾಶದಿಂದ ಸೆಕೆಂಡಿಗೆ 200 ಕಿ.ಮೀ. ವೇಗದಲ್ಲಿ ಬಂದದ್ದು ಒಂದು ನಿಮಿಷದ ಆಸುಪಾಸಿನಲ್ಲಿ ಭೂಮಿಯನ್ನು ದಾಟಿ ಹೊರಬೀಳುತ್ತದೆ. ಸುಮ್ನೆ ಕೈಬಿಟ್ಟದ್ದಾದರೆ ನಡುವನ್ನು ದಾಟಿ ಆಚೆ ಬದಿಗೆ ಹೋಗಿ, ಮತ್ತೆ ಈಚೆಗೆ ಬರುತ್ತಿರುತ್ತದೆ. ಒಂದು ಬದಿಯಿಂದ ಇನ್ನೊಂದಕ್ಕೆ ಸುಮಾರು 40 ನಿಮಿಷ.

1908ರಲ್ಲಿ ಸೈಬೀರಿಯಾದ ತುಂಗುಸ್ಕಾ ಕಾಡು ನೆಲಕಚ್ಚಿದ್ದು ಇಂಥದ್ದರಿಂದಲೇ ಎಂದು 1973ರಲ್ಲಿ ಇಬ್ಬರು ವಿಜ್ಞಾನಿಗಳು ಊಹಿಸಿದ್ದರು. ಹಾಗಿದ್ದರೆ ಅದು ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ಹೊರಬರಬೇಕಿತ್ತು. ಅಲ್ಲಿ ಅಂಥ ಗುರುತೇ ಸಿಗಲಿಲ್ಲ.