ನಿಮ್ಮ ವೋಟು ಆಗಲೇ ಬಿದ್ದಿದ್ದರೆ?

"ಅಜ್ಜಿ, ನಿಮ್ಮ ವೋಟು ಆಗೋಗಿದೆ, ಮನೆಗೆ ಹೋಗಿ."

ನಾನು ಪಿಆರ್‌ಓ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಆಗಿದ್ದ ಬೂತಿನಲ್ಲಿ ಪೋಲಿಂಗ್ ಆಫೀಸರೊಬ್ಬರು ಹೀಗೆ ಹೇಳಿದ್ದು ಕಿವಿಗೆ ಬಿತ್ತು. ಅಜ್ಜಿಯನ್ನು ಕರೆದು ಕೈ ನೋಡಿದೆ. ಎಡಗೈ ತೋರುಬೆರಳಲ್ಲಿ ಶಾಯಿಯೇ ಇಲ್ಲ. ಮೈಸೂರಿನಲ್ಲಿ ತಯಾರಾಗುವ ಆ ಶಾಯಿ ಸೋಪು ಹಾಕಿದರೆ ಹೋಗುವಂಥದ್ದಲ್ಲ. ಯಾರೋ ಕಳ್ಳವೋಟು ಹಾಕಿರಬೇಕು. ಇಲ್ಲವೇ ಅದೇ ಹೆಸರಿನ ಇನ್ನೊಬ್ಬರು ಬಂದಾಗ ನಮ್ಮವರೇ ತಪ್ಪು ಸಾಲಿಗೆ ಗೆರೆ ಎಳೆದಿರಬೇಕು. ಹಳ್ಳಿಯ ಪಟ್ಟಿಯಲ್ಲಿ ಲಕ್ಷ್ಮಮ್ಮಂದಿರು ಒಬ್ಬರೇ ಇರುತ್ತಾರಾ?

ಭಾರತೀಯ ನ್ಯಾಯ ಸಂಹಿತೆಯ 172ನೇ ಕಲಂ ಓದಿದರೆ ಒಂದು ಸಂಗತಿ ಗಮನ ಸೆಳೆಯುತ್ತದೆ. ಇನ್ನೊಬ್ಬರ ಹೆಸರು ಹೇಳಿಕೊಂಡು ವೋಟು ಕೇಳಿದರೇ ಸಾಕು, ಅದು ಅಪರಾಧ. ಬಟನ್ ಒತ್ತಿರಲೇಬೇಕು ಅಂತಿಲ್ಲ. ಆ ಇನ್ನೊಬ್ಬರು ಸತ್ತವರಾಗಿದ್ದರೂ ಅಷ್ಟೇ. ಒಮ್ಮೆ ಹಾಕಿದವರು ತಮ್ಮದೇ ಹೆಸರಲ್ಲಿ ಮತ್ತೆ ಕೇಳಿದರೂ ಅಷ್ಟೇ. 174ನೇ ಕಲಂ ಪ್ರಕಾರ ಇದಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಬೂತಿನೊಳಗೆ ಇದನ್ನು ತಡೆಯುವ ಕೆಲಸ ಅಭ್ಯರ್ಥಿಗಳ ಪರವಾಗಿ ಕೂರುವ ಏಜೆಂಟರದ್ದು. ಬಂದವರ ಮೇಲೆ ಅನುಮಾನ ಬಂದರೆ ಎರಡು ರೂಪಾಯಿ ಠೇವಣಿ ಇಟ್ಟು, ಇವರು ಅವರಲ್ಲ ಅಂತ ಚಾಲೆಂಜ್ ಮಾಡಬಹುದು. ಹೌದು, 1961ರ ಚುನಾವಣಾ ನಿಯಮಗಳಲ್ಲಿ ಇವತ್ತಿಗೂ ಎರಡೇ ರೂಪಾಯಿ! ಚಾಲೆಂಜ್ ನಿಜವಾದರೆ ದುಡ್ಡು ವಾಪಸ್, ಬಂದವರು ಪೊಲೀಸರ ಕೈಗೆ. ಆದರೆ ಮಧ್ಯಾಹ್ನದ ಹೊತ್ತಿಗೆ ಏಜೆಂಟರಲ್ಲಿ ಅರ್ಧ ಜನ ತೂಕಡಿಸುತ್ತಿರುತ್ತಾರೆ.

ಅಜ್ಜಿಯ ವಿಷಯಕ್ಕೆ ಬರೋಣ. ತಂದೆಯ ಹೆಸರು, ಮನೆ ನಂಬರ್ ಕೇಳಿದೆ. ಪಟಪಟ ಹೇಳಿದರು. ಇಂಥವರಿಗೆ ಮೆಷಿನ್ ಇಲ್ಲ, ಟೆಂಡರ್ ವೋಟು ಕೊಡಬೇಕು. ಅದಕ್ಕೆಂದೇ ಕಾಗದದ ಮತಪತ್ರ ಇರುತ್ತದೆ. 17ಬಿ ನಮೂನೆಯಲ್ಲಿ ಹೆಬ್ಬೆಟ್ಟು ಒತ್ತಿದ ಅಜ್ಜಿ, ಮರೆಗೆ ಹೋಗಿ ಮುದ್ರೆ ಹಾಕಿ, ಮಡಿಸಿ ನನ್ನ ಕೈಗೆ ಕೊಟ್ಟರು. ಅದು ಬೇರೆ ಲಕೋಟೆಗೆ ಹೋಯಿತು.

"ಇದನ್ನ ಎಣಿಸ್ತಾರಾ ಸಾಮಿ?"

ಎಣಿಕೆ ದಿನ ಎಣಿಸುವುದಿಲ್ಲ. ಫಲಿತಾಂಶ ಹೈಕೋರ್ಟಿಗೆ ಹೋಗಿ, ಅಂತರ ತೀರಾ ಕಡಿಮೆಯಿದ್ದು, ಕೋರ್ಟು ಕೇಳಿದರೆ ಮಾತ್ರ ಆ ಲಕೋಟೆ ತೆರೆಯುತ್ತದೆ. ಅಂಥ ಅಂತರ ಎಲ್ಲಿ ಬರುತ್ತೆ ಅಂತೀರಾ? 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಅಜ್ಜಿಗೆ ಇದನ್ನೆಲ್ಲ ಹೇಳಲು ಆಗಲಿಲ್ಲ, ಹಿಂದೆ ಸಾಲು ಉದ್ದವಿತ್ತು. "ಜೋಪಾನವಾಗಿ ಇಡ್ತೀವಿ ಅಜ್ಜಿ" ಅಂದೆ.