ಪ್ರಶ್ನೆ: ದುಡ್ಡಿದ್ದವರಿಗೆ ಗಲ್ಲು ಆಗೋದೇ ಇಲ್ವಲ್ಲ, ಜಡ್ಜ್‌ಗೆ ಲಂಚ ಕೊಡ್ತಾರಾ?

ಗಲ್ಲು ಶಿಕ್ಷೆಯ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಉತ್ತರವನ್ನೂ ಜೊತೆಗೇ ಕಳಿಸಿರುತ್ತಾರೆ: "ಎಲ್ಲಾ ದುಡ್ಡಿನ ಆಟ ಸಾರ್, ಕೊಟ್ಟು ಬಿಡಿಸಿಕೊಳ್ತಾರೆ." ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಪೂರ್ತಿ ಬರೆದಿಡುತ್ತೇನೆ, ದಯವಿಟ್ಟು ಕೊನೆವರೆಗೂ ಓದಿ.

ಪ್ರಶ್ನೆಯ ಮೊದಲರ್ಧ ನಿಜ. ಗಲ್ಲು ಬೀಳುವುದು ಹೆಚ್ಚಾಗಿ ಬಡವರಿಗೇ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ದೇಶದ ಜೈಲುಗಳಲ್ಲಿ ಗಲ್ಲಿಗಾಗಿ ಕಾಯುತ್ತಿದ್ದ 373 ಜನರನ್ನು ಮಾತಾಡಿಸಿ 2016ರಲ್ಲಿ ವರದಿ ತಂದಿತು. ನೂರಕ್ಕೆ 74 ಮಂದಿ ಬಡ ಕುಟುಂಬದವರು. ನೂರಕ್ಕೆ 23 ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ಅಮೆರಿಕದಲ್ಲೂ ಇದೇ ಕಥೆ. ಅಮೆರಿಕದ ಚರಿತ್ರೆಯನ್ನೆಲ್ಲ ಜಾಲಾಡಿದರೂ ಸಿರಿವಂತ ವರ್ಗದ ಒಬ್ಬರಿಗೆ ಮರಣದಂಡನೆ ಜಾರಿಯಾದದ್ದು ಸಿಗುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಡಗ್ಲಾಸ್ 1972ರಲ್ಲೇ ಬರೆದರು. ಹತ್ತು ವರ್ಷದ ನಂತರ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ, ಜೊತೆಗಿದ್ದ ನ್ಯಾಯಮೂರ್ತಿಗಳನ್ನು ಒಪ್ಪದೆ ಬರೆದ ಭಿನ್ನ ತೀರ್ಪಿನಲ್ಲಿ ಅದೇ ಮಾತು ಹೇಳಿದರು. ಅಪವಾದಗಳು ಇವೆ. ಮುಂಬೈ ಸ್ಫೋಟದ ಕೇಸಿನಲ್ಲಿ 2015ರಲ್ಲಿ ಗಲ್ಲಿಗೇರಿದ ಯಾಕೂಬ್ ಮೆಮನ್ ಚಾರ್ಟರ್ಡ್ ಅಕೌಂಟೆಂಟ್. ಆದರೆ ಅಂಥವರನ್ನು ಬೆರಳಲ್ಲಿ ಎಣಿಸಬಹುದು.

ಇನ್ನು ಲಂಚದ ಮಾತು. ಇದು ಎಷ್ಟು ಹೇಳಿದರೂ ಜನರ ತಲೆಯಿಂದ ಹೋಗುತ್ತಿಲ್ಲ, ಅದೇ ನನಗೆ ಬೇಸರ.

ಸುಮ್ನೆ ಒಂದು ನಿಮಿಷ ಯೋಚಿಸಿ. ಶ್ರೀಮಂತ ಲಂಚ ಕೊಟ್ಟು ಪಾರಾದ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಬಡವನಿಗೆ ಗಲ್ಲು ಯಾಕಾಯಿತು? ಅವನಿಗೆ ಗಲ್ಲು ಕೊಡಿ ಅಂತ ಯಾರೂ ದುಡ್ಡು ಕೊಟ್ಟಿರುವುದಿಲ್ಲ. ಆ ಜಡ್ಜ್ ಕೈ ಶುದ್ಧವಾಗಿಯೇ ಇರುತ್ತದೆ. ಸೆಷನ್ಸ್ ಕೋರ್ಟ್ ಕೊಟ್ಟ ಗಲ್ಲನ್ನು ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಪ್ಪಬೇಕು, ಆಮೇಲೆ ಸುಪ್ರೀಂ ಕೋರ್ಟ್, ಆಮೇಲೆ ಕ್ಷಮಾದಾನದ ಅರ್ಜಿ. ಇಷ್ಟೂ ಕಡೆ ಎಲ್ಲರೂ ಪ್ರಾಮಾಣಿಕರಾಗಿದ್ದರೂ ಬಡವನೇ ಗಲ್ಲಿನ ಹತ್ತಿರ ಹೋಗುತ್ತಾನೆ. ಅಂದಮೇಲೆ ಕಾರಣ ಬೇರೆ ಇದೆ ಅಲ್ವಾ?

ದುಡ್ಡು ಕೆಲಸ ಮಾಡುತ್ತದೆ. ಆದರೆ ಮೇಜಿನ ಕೆಳಗಲ್ಲ, ಮೇಜಿನ ಮೇಲೇ. ರಸೀದಿ ಸಮೇತ.

ಬಂಧನದ ಮೊದಲ ದಿನದಿಂದ ನೋಡಿ. ಠಾಣೆಯಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ "ಆರೋಪಿ ಹೇಳಿದ ಜಾಗದಲ್ಲೇ ಚಾಕು ಸಿಕ್ಕಿತು" ಅನ್ನುವ ಪಂಚನಾಮೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ವಕೀಲರಿದ್ದರೆ ಒಂದು ಥರ, ಇಲ್ಲದಿದ್ದರೆ ಇನ್ನೊಂದು ಥರ. ಉಳ್ಳವನ ವಕೀಲರು ಅದೇ ದಿನ ಠಾಣೆಗೆ ಬರುತ್ತಾರೆ. ಇಲ್ಲದವನಿಗೆ ವಕೀಲರ ಮುಖ ಕಾಣುವುದೇ ಕೋರ್ಟಿನಲ್ಲಿ.

ಮಧ್ಯಪ್ರದೇಶದ ಖಂಡ್ವಾದ ಒಂದು ಪ್ರಕರಣ ಹೇಳುತ್ತೇನೆ. 2013ರ ಫೆಬ್ರವರಿ 19ರಂದು ಒಬ್ಬ ಯುವಕನ ಮೇಲೆ ಮಗುವಿನ ಅತ್ಯಾಚಾರ, ಕೊಲೆಯ ದೋಷಾರೋಪ ಹೊರಿಸಿದರು. ಅವನಿಗೆ ಸರ್ಕಾರದ ಕಡೆಯಿಂದ ವಕೀಲರನ್ನು ಕೊಟ್ಟದ್ದೂ ಅದೇ ದಿನ. ಮಾರ್ಚ್ 4ಕ್ಕೆ ಗಲ್ಲು ಶಿಕ್ಷೆ. 13 ದಿನ! ಅಷ್ಟರಲ್ಲಿ ಕಾಗದ ಓದುವುದು ಯಾವಾಗ, ಸಾಕ್ಷಿಗಳ ಪಾಟೀ ಸವಾಲಿಗೆ ತಯಾರಾಗುವುದು ಯಾವಾಗ? 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಇಂಥ ಕೇಸುಗಳಲ್ಲಿ ಕನಿಷ್ಠ 10 ವರ್ಷ ಅನುಭವ ಇರುವ ವಕೀಲರನ್ನೇ ಕೊಡಬೇಕು, ತಯಾರಿಗೆ ಕನಿಷ್ಠ 7 ದಿನ ಬೇಕು ಎಂದಿತು. ಮರುವಿಚಾರಣೆಯಲ್ಲಿ ಮತ್ತೆ ಗಲ್ಲು. ಅದೂ ರದ್ದಾಗಿ ಮೂರನೇ ಸಲ ವಿಚಾರಣೆ ನಡೆದು, 2024ರಲ್ಲಿ ನಿರ್ದೋಷಿ ಎಂದು ಬಿಡುಗಡೆ. 11 ವರ್ಷ ಹೋಯಿತು. ಇಲ್ಲಿ ಯಾರಾದರೂ ಲಂಚ ತಿಂದರಾ? ಇಲ್ಲ. ಎಲ್ಲರೂ "ಬೇಗ ನ್ಯಾಯ ಕೊಡಿಸೋಣ" ಅಂತಲೇ ಹೊರಟವರು.

"ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತಲ್ಲ, ಇನ್ನೇನು ಬೇಕು?" ಅಂತ ಕೆಲವರು ಕೇಳುತ್ತಾರೆ. ಮೊದಲು ಹೇಳಿದ 2016ರ ವರದಿಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟ ಭಾಗ ಅದೇ. ನೂರಕ್ಕೆ 70ರಷ್ಟು ಕೈದಿಗಳು ಖಾಸಗಿ ವಕೀಲರನ್ನೇ ಹಿಡಿದಿದ್ದರು. ಕೂಲಿ ಮಾಡುವವರು! ಪುಕ್ಕಟೆ ವಕೀಲರು ಸರಿಯಾಗಿ ನಡೆಸುವುದಿಲ್ಲ ಅನ್ನುವ ಭಯಕ್ಕೆ ಮನೆಯವರು ಜಮೀನು, ಒಡವೆ ಮಾರಿ, ಸಾಲ ಮಾಡಿ ಫೀಸು ಹೊಂದಿಸಿರುತ್ತಾರೆ. ಅಷ್ಟು ದುಡ್ಡಿಗೆ ಸಿಕ್ಕಿದ್ದೇನು? ಹೈಕೋರ್ಟಿನಲ್ಲಿ ತಮ್ಮ ಪರ ವಾದಿಸಿದವರನ್ನು ನೂರಕ್ಕೆ 68 ಮಂದಿ ಒಮ್ಮೆಯೂ ಭೇಟಿಯಾಗಿರಲಿಲ್ಲ. ಸುಪ್ರೀಂ ಕೋರ್ಟ್ ತಲುಪಿದವರಲ್ಲಿ ನೂರಕ್ಕೆ 44 ಮಂದಿಗೆ ತಮ್ಮ ವಕೀಲರ ಹೆಸರೇ ಗೊತ್ತಿರಲಿಲ್ಲ. ಬಡವ ದುಡ್ಡು ಖರ್ಚು ಮಾಡಲಿಲ್ಲ ಅಂತಲ್ಲ. ಇದ್ದದ್ದನ್ನೆಲ್ಲ ಖರ್ಚು ಮಾಡಿದರೂ ಅದು ಸಾಲಲಿಲ್ಲ.

ಅಪರಾಧಿ ಅಂತ ಆದ ಮೇಲೆ ಶಿಕ್ಷೆ ಎಷ್ಟು ಅಂತ ತೀರ್ಮಾನಿಸುವ ಇನ್ನೊಂದು ಹಂತ ಇದೆ, ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪಿನ ಪ್ರಕಾರ ಗಲ್ಲು "ಅಪರೂಪದಲ್ಲಿ ಅಪರೂಪ"ದ ಪ್ರಕರಣಗಳಿಗೆ ಮಾತ್ರ. ಅಪರಾಧ ಎಷ್ಟು ಘೋರ ಅಂತ ನೋಡಿದರೆ ಸಾಲದು. ಮಾಡಿದವನು ಎಂಥವನು, ಹೇಗೆ ಬೆಳೆದ, ಮುಂದೆ ತಿದ್ದಿಕೊಳ್ಳುತ್ತಾನಾ ಅಂತಲೂ ನೋಡಬೇಕು. ಸರಿ, ಇದನ್ನೆಲ್ಲ ಕೋರ್ಟಿಗೆ ಹೇಳುವವರು ಯಾರು? ಊರಿಗೆ ಹೋಗಿ ಅಮ್ಮನನ್ನು ಮಾತಾಡಿಸಬೇಕು, ಚಿಕ್ಕಂದಿನ ಆಸ್ಪತ್ರೆ ಚೀಟಿ ಹುಡುಕಬೇಕು, ಮೇಷ್ಟ್ರನ್ನು ಕೇಳಬೇಕು, ಮನೋವೈದ್ಯರಿಗೆ ತೋರಿಸಬೇಕು. ತಿಂಗಳುಗಟ್ಟಲೆ ಕೆಲಸ. ಆದರೆ ಎಷ್ಟೋ ಕೇಸುಗಳಲ್ಲಿ ಬೆಳಿಗ್ಗೆ "ಅಪರಾಧಿ" ಅಂತ ತೀರ್ಪು, ಅದೇ ದಿನ ಶಿಕ್ಷೆ.

ದೆಹಲಿಯಲ್ಲಿ 1996ರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ನಡೆಯಿತು. ಆರೋಪಿ ಹಿರಿಯ ಪೊಲೀಸ್ ಅಧಿಕಾರಿಯ ಮಗ. ಕೆಳಗಿನ ಕೋರ್ಟ್ ಬಿಡುಗಡೆ ಮಾಡಿತು, 2006ರಲ್ಲಿ ಹೈಕೋರ್ಟ್ ಗಲ್ಲು ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಹೊರಗಿದ್ದ ವರ್ಷಗಳಲ್ಲಿ ಅವನಿಗೆ ಮದುವೆಯಾಗಿತ್ತು, ಹೆಣ್ಣುಮಗುವಿತ್ತು. ಕೋರ್ಟ್ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಜೀವಾವಧಿ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹಾಗೆಯೇ ಕೂತು ತೂಗಿ ನೋಡಬೇಕು. ಆದರೆ ಬಂಧನವಾದಾಗಿನಿಂದ ಜೈಲಲ್ಲೇ ಇರುವವನಿಗೆ ತೋರಿಸಲು ಮದುವೆ, ಮಗು, ಮನೆ ಎಲ್ಲಿಂದ ಬರಬೇಕು?

"ಮೇಲಿನ ಕೋರ್ಟಲ್ಲಿ ಎಲ್ಲಾ ಸರಿಹೋಗುತ್ತೆ ಬಿಡಿ" ಅನ್ನುವವರಿಗೆ ಹರ್‌ಬನ್ಸ್ ಸಿಂಗ್ ಪ್ರಕರಣ ಓದಿ ಅಂತ ಹೇಳುತ್ತೇನೆ. ಉತ್ತರಪ್ರದೇಶದಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆ. ಅಪರಾಧಿಗಳು ಮೂವರು, ಮೂವರಿಗೂ ಒಂದೇ ತೀರ್ಪಿನಲ್ಲಿ ಗಲ್ಲು. ಮೂವರೂ ಬೇರೆಬೇರೆ ಹೊತ್ತಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಒಬ್ಬನದು 1977ರಲ್ಲಿ ಜೀವಾವಧಿಗೆ ಇಳಿಯಿತು. ಇನ್ನೊಬ್ಬನ ಅರ್ಜಿ ವಜಾ ಆಗಿ 1981ರ ಅಕ್ಟೋಬರ್ 6ರಂದು ನೇಣಿಗೇರಿದ. ಅದೇ ದಿನ ನೇಣಿಗೇರಬೇಕಿದ್ದ ಮೂರನೆಯವನು, ಅಂದರೆ ಹರ್‌ಬನ್ಸ್, ಮತ್ತೊಂದು ಅರ್ಜಿ ಹಾಕಿ ಉಳಿದುಕೊಂಡ. ಒಂದೇ ಅಪರಾಧ, ಮೂರು ಗತಿ. ಸರಿಯಾದ ಹೊತ್ತಿಗೆ ಸರಿಯಾದ ಅರ್ಜಿ ಬಿದ್ದವನು ಬದುಕಿದ. ಅರ್ಜಿ ಬರೆಯುವವರು ಹತ್ತಿರ ಇರುವುದು ಯಾರಿಗೆ ಅಂತ ನಾನು ಹೇಳಬೇಕಾಗಿಲ್ಲ.

ಲಂಚದ ಕಥೆ ನನಗೆ ಸಿಟ್ಟು ತರುವುದು ಇದಕ್ಕೇ. ಒಬ್ಬ ಕೆಟ್ಟ ಜಡ್ಜನ್ನು ಹಿಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿಸಿಬಿಡುತ್ತದೆ. ಇಲ್ಲಿ ಹಿಡಿಯುವುದಕ್ಕೆ ಯಾರೂ ಸಿಗುವುದಿಲ್ಲ.

ಹಾಗಾದರೆ ದುಡ್ಡು ಕೊಟ್ಟು ಪ್ರಾಣ ಉಳಿಸಿಕೊಳ್ಳುವುದು ಎಲ್ಲೂ ಇಲ್ಲವಾ? ಯಾರೂ ಕೇಳಲಿಲ್ಲ, ಆದರೂ ಮಾತು ಬಂದ ಮೇಲೆ ಹೇಳಿಬಿಡುತ್ತೇನೆ. ಇದೆ, ಅದೂ ಕಾನೂನಿನಲ್ಲೇ. ಸೌದಿ ಅರೇಬಿಯಾದಲ್ಲಿ ಸತ್ತವರ ಮನೆಯವರು ಪರಿಹಾರ ಒಪ್ಪಿ ಕ್ಷಮಿಸಿದರೆ ಮರಣದಂಡನೆ ತಪ್ಪುತ್ತದೆ. ಇದಕ್ಕೆ ದಿಯಾ ಅನ್ನುತ್ತಾರೆ. ಕ್ಷಮೆಗೆ ದಾರಿ ಇರುವುದು ಒಳ್ಳೆಯದೇ. ಆದರೆ ಕೇಳಿದ ಮೊತ್ತವನ್ನು ಉಳ್ಳವನು ಒಂದೇ ದಿನದಲ್ಲಿ ಕಟ್ಟಬಹುದು. ಕೇರಳದ ಕೋಯಿಕ್ಕೋಡಿನಿಂದ ರಿಯಾದ್‌ಗೆ ಡ್ರೈವರ್ ಕೆಲಸಕ್ಕೆ ಹೋದ ಒಬ್ಬರು, ತಾವು ನೋಡಿಕೊಳ್ಳುತ್ತಿದ್ದ ಹುಡುಗ ಸತ್ತದ್ದಕ್ಕೆ 2006ರಲ್ಲಿ ಜೈಲು ಸೇರಿದರು. ಹುಡುಗನ ಮನೆಯವರು ಕೊನೆಗೆ ಒಪ್ಪಿದ ಮೊತ್ತ 1.5 ಕೋಟಿ ರಿಯಾಲ್, ನಮ್ಮ ಲೆಕ್ಕದಲ್ಲಿ ಸುಮಾರು 34 ಕೋಟಿ ರೂಪಾಯಿ. 2024ರ ಏಪ್ರಿಲ್‌ನಲ್ಲಿ ಗುರುತು ಪರಿಚಯ ಇಲ್ಲದ ಜನ ಕೈಲಾದಷ್ಟು ಹಾಕಿ ಆ ಹಣವನ್ನು ಗಡುವಿನೊಳಗೆ ಸೇರಿಸಿದರು. ಜುಲೈನಲ್ಲಿ ಮರಣದಂಡನೆ ರದ್ದಾಯಿತು. ಅಷ್ಟರಲ್ಲಿ ಅವರು ಜೈಲಿನಲ್ಲಿ ಸುಮಾರು 18 ವರ್ಷ ಕಳೆದಿದ್ದರು.