ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಏರುವುದೇಕೆ?

ಪ್ರಶ್ನೆ: ನಮ್ಮದು ಬಾಗಲಕೋಟೆ. ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಒಳಗೆ ಮಲಗಲು ಬರ್ತ್, ಸಣ್ಣ ಫ್ರಿಜ್, ಫ್ಯಾನ್, ಇನ್ವರ್ಟರ್ ಎಲ್ಲ ಹಾಕಿಸಿದ್ದೇವೆ. ಮನೆಮಂದಿಯೆಲ್ಲ ಅದರಲ್ಲೇ ಸವದತ್ತಿ, ಪಂಢರಪುರ, ಗೋವಾ ಅಂತ ಓಡಾಡುತ್ತೇವೆ. ಚಾಸಿಗೂ ಬಾಡಿಗೂ ಹೊಸ ಪೇಂಟ್ ಹೊಡೆಸಿದ ಮೇಲೆ ಒಂದು ಕಾಟ ಶುರುವಾಗಿದೆ. ಹಗಲು ಎಲ್ಲ ಸರಿ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಆರಿಸಿದರೆ ಇಳಿಯುತ್ತದೆ. ಡೀಸೆಲ್ ಮುಳ್ಳೂ ಒಮ್ಮೊಮ್ಮೆ ಕುಣಿಯುತ್ತದೆ. 'ಸೆನ್ಸರ್ ಹೋಗೇತ್ರಿ ಸರ' ಅಂದರು, ಬದಲಿಸಿದೆವು. ಮೀಟರ್ ಕೂಡ ಬದಲಾಯಿತು. ಈಗ ಪೂರ್ತಿ ವೈರಿಂಗ್ ಬಿಚ್ಚಿ ಹೊಸದು ಹಾಕಬೇಕು ಎನ್ನುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಪೂರ್ತಿ ವೈರಿಂಗ್ ಬದಲಿಸಿದರೂ ಈ ಕಾಟ ಹಾಗೇ ಉಳಿಯಬಹುದು. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಎಂಜಿನ್‌ನೊಳಗೆ ಅದನ್ನು ತಣ್ಣಗಿಡುವ ಹಲವು ಲೀಟರ್ ಕೂಲೆಂಟ್ ತುಂಬಿರುತ್ತದೆ. ಸ್ವಿಚ್ ಒತ್ತಿದಷ್ಟು ಬೇಗ ಅದು ಕಾಯುವುದೂ ಇಲ್ಲ, ಆರುವುದೂ ಇಲ್ಲ. ಅಂದರೆ ಹೆಡ್‌ಲೈಟ್ ಜೊತೆ ಏರಿಳಿಯುವ ಮುಳ್ಳು ತೋರಿಸುತ್ತಿರುವುದು ಕರೆಂಟಿನ ತೊಡಕನ್ನು, ಬಿಸಿಯನ್ನಲ್ಲ. ನನ್ನ ಅನುಮಾನ ಅರ್ಥಿಂಗ್ ಮೇಲೆ, ಅಂದರೆ ಕರೆಂಟ್ ವಾಪಸ್ ಬರುವ ದಾರಿಯ ಮೇಲೆ. ಪೇಂಟ್ ಹೊಡೆಸಿದ ಮೇಲೆ ಶುರುವಾಯಿತು ಅನ್ನುವುದರಿಂದ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಹಾಗಂತ ಮುಳ್ಳು ಸುಳ್ಳು ಹೇಳುತ್ತಿದೆ ಎಂದುಕೊಂಡು ಸುಮ್ನೆ ಗಾಡಿ ಓಡಿಸಬೇಡಿ. ಚೋರ್ಲಾ ಘಾಟಿ ಹತ್ತುವಾಗ, ಅಥವಾ ವಿಜಯಪುರದ ಕಡೆ ಏಪ್ರಿಲ್, ಮೇ ಬಿಸಿಲಿನಲ್ಲಿ ಓಡುವಾಗ ಎಂಜಿನ್ ನಿಜವಾಗಿಯೂ ಕಾಯಬಹುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಯಾರ ಬಳಿಯಾದರೂ ಇದ್ದರೆ ಇಸಿದುಕೊಂಡು ಕೂಲೆಂಟ್ ಹರಿವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಹಿಡಿಯಿರಿ. ಹೆಡ್‌ಲೈಟ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ. ಎರಡೂ ಸಲ ಹೆಚ್ಚುಕಡಿಮೆ ಒಂದೇ ಅಂಕಿ ಬಂದು ಮುಳ್ಳು ಮಾತ್ರ ಏರಿದರೆ ತೊಡಕು ಕರೆಂಟಿನದೇ, ಸಂಶಯ ಬೇಡ.

ಈಗ ಮೂಲಕ್ಕೆ ಬರೋಣ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ವೈರಿನಲ್ಲಿ ಹೋಗಿ ಬಲ್ಬು, ಮೋಟಾರು, ಮೀಟರ್ ಎಲ್ಲ ನಡೆಸುತ್ತದೆ. ವಾಪಸ್ ಬರಲು ಮಾತ್ರ ಹೆಚ್ಚಿನ ಕಡೆ ಬೇರೆ ವೈರ್ ಇಲ್ಲ. ಚಾಸಿಯ ಕಬ್ಬಿಣವೇ ದಾರಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್‌ನಿಂದ ಚಾಸಿಗೆ ತಾಮ್ರದ ಹೆಣೆದ ಪಟ್ಟಿಯನ್ನೋ ದಪ್ಪ ಕೇಬಲನ್ನೋ ಬೋಲ್ಟ್ ಹಾಕಿ ಕಟ್ಟಿರುತ್ತಾರೆ. ಬೋಲ್ಟಿನ ಕೆಳಗೆ ಪೇಂಟ್ ಕೂತರೆ, ತುಕ್ಕು ಹಿಡಿದರೆ, ಪಟ್ಟಿಯ ಅರ್ಧ ಎಳೆ ಹರಿದರೆ ವಾಪಸ್ ಬರುವ ದಾರಿ ಕಿರಿದಾಗುತ್ತದೆ.

ಟೆಂಪರೇಚರ್ ಮುಳ್ಳಿಗೇ ಯಾಕೆ ಏಟು? ಹಳೆಯ ಗಾಡಿಗಳ ಒಂಟಿ ವೈರಿನ ಸೆನ್ಸರ್ ತನ್ನ ಅರ್ಥಿಂಗನ್ನು ಎಂಜಿನ್ ಮೈಯಿಂದಲೇ, ತಿರುಚಿ ಕೂರಿಸಿದ ಥ್ರೆಡ್ ಮೂಲಕ ಪಡೆಯುತ್ತದೆ. ಬಿಸಿಯಾದಂತೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ, ಜಾಸ್ತಿ ಕರೆಂಟ್ ಹರಿಯುತ್ತದೆ, ಮುಳ್ಳು ಏರುತ್ತದೆ. ಡೈನಮೋ ಕೂಡ ಅದೇ ಎಂಜಿನ್ ಮೈಗೆ ಕಚ್ಚಿಕೊಂಡಿದೆ. ಹೆಡ್‌ಲೈಟ್ ಹಾಕಿದಾಗ ಡೈನಮೋ ಜಾಸ್ತಿ ಕರೆಂಟ್ ಕೊಡಬೇಕು, ಅಷ್ಟೂ ಚಾಸಿಯಿಂದ ಎಂಜಿನ್‌ಗೆ ಆ ಪಟ್ಟಿಯ ಮೂಲಕವೇ ಮರಳಬೇಕು. ಪಟ್ಟಿ ಕೆಟ್ಟಿದ್ದರೆ ಎಂಜಿನ್ ಮೈಗೂ ಚಾಸಿಗೂ ನಡುವೆ ಅರ್ಧ ವೋಲ್ಟ್, ಒಂದು ವೋಲ್ಟ್ ವ್ಯತ್ಯಾಸ ಬೀಳುತ್ತದೆ. ಚಾಸಿಯ ಲೆಕ್ಕದಲ್ಲಿ ಎಂಜಿನ್ ಮೈ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಸೆನ್ಸರ್ ಬದಲಾಗಿಲ್ಲ, ಆದರೂ ಅದರ ಮೂಲಕ ಹರಿಯುವ ಕರೆಂಟ್ ಜಾಸ್ತಿಯಾಯಿತು. ಮೀಟರ್ ಪಾಲಿಗೆ ಅದು ಬಿಸಿ ಇದ್ದ ಹಾಗೇ.

ಇದನ್ನು ಹಿಡಿಯಲು ಸುಲಭದ ಪರೀಕ್ಷೆ ಒಂದಿದೆ. ಬ್ಯಾಟರಿ ಇಳಿದಾಗ ಬಳಸುವ ಜಂಪರ್ ಕೇಬಲ್ ತನ್ನಿ. ಎರಡರಲ್ಲಿ ಒಂದೇ ಕೇಬಲ್ ಸಾಕು. ಎಂಜಿನ್ ಬಂದ್ ಇರುವಾಗ ಅದರ ಒಂದು ತುದಿಯನ್ನು ಎಂಜಿನ್‌ನ ಬರಿ ಲೋಹಕ್ಕೆ, ಇನ್ನೊಂದನ್ನು ಚಾಸಿಯ ಬರಿ ಲೋಹಕ್ಕೆ ಕಚ್ಚಿಸಿ. ಕೇಬಲ್ ಫ್ಯಾನಿಗೂ ಬೆಲ್ಟಿಗೂ ದೂರ ಇರಲಿ. ಈಗ ಗಾಡಿ ಚಾಲೂ ಮಾಡಿ ಹೆಡ್‌ಲೈಟ್ ಹಾಕಿ. ಮುಳ್ಳು ಅಲ್ಲಾಡದೆ ನಿಂತರೆ ಎಂಜಿನ್ ಅರ್ಥಿಂಗೇ ಕಳ್ಳ. ಆಗಲೂ ಏರಿದರೆ ಡ್ಯಾಶ್‌ಬೋರ್ಡ್ ಕಡೆ ಹೋಗಿ.

ಡ್ಯಾಶ್‌ಬೋರ್ಡಿಗೂ ಒಂದು ಗುರುತಿದೆ. ಎಂಜಿನ್ ಚಾಲೂ ಮಾಡದೆ, ಬರೀ ಕೀ ತಿರುಗಿಸಿ ಹೆಡ್‌ಲೈಟ್ ಹಾಕಿ. ಬ್ಯಾಟರಿಯ ಮೈನಸ್ ಕೇಬಲ್ ಮೊದಲು ಚಾಸಿಗೆ ಹೋಗುವ ಗಾಡಿಯಾದರೆ, ಆಗಲೂ ಮುಳ್ಳು ಏರಿದರೆ ತಪ್ಪು ಡ್ಯಾಶ್‌ಬೋರ್ಡ್ ಅರ್ಥಿಂಗಿನದು. ಎಂಜಿನ್ ಓಡುವಾಗ ಮಾತ್ರ ಏರಿದರೆ ಎಂಜಿನ್ ಪಟ್ಟಿಯದು. ಮೈನಸ್ ಕೇಬಲ್ ಮೊದಲು ಎಂಜಿನ್‌ಗೇ ಹೋಗಿದ್ದರೆ ಈ ಗುರುತು ನಡೆಯುವುದಿಲ್ಲ, ಪಟ್ಟಿ ಕೆಟ್ಟಾಗ ಎರಡೂ ಸಲ ಏರುತ್ತದೆ. ಮೊದಲು ಕೇಬಲ್ ಎಲ್ಲಿ ಹೋಗಿದೆ ಎಂದು ಬಗ್ಗಿ ನೋಡಿ. ಎರಡೂ ಮುಳ್ಳು ಒಟ್ಟಿಗೆ, ಒಂದೇ ಲಯದಲ್ಲಿ ಅಲ್ಲಾಡಿದರೆ ಮೀಟರ್ ಹಿಂದಿನ ಅರ್ಥಿಂಗ್ ಮೇಲೆ ಅನುಮಾನ ಇಡಿ. ಹಗಲು ರಾತ್ರಿ ಎನ್ನದೆ ಎರಡೂ ಯಾವಾಗಲೂ ಜಾಸ್ತಿಯೇ ತೋರಿಸಿದರೆ ಹಳೆಯ ಮೀಟರ್‌ಗಳ ಹಿಂದಿರುವ ಪುಟ್ಟ ವೋಲ್ಟೇಜ್ ಸ್ಟೆಬಿಲೈಸರ್ ಕೆಟ್ಟಿರಬಹುದು, ಇಲ್ಲವೇ ಅದಕ್ಕೇ ಅರ್ಥಿಂಗ್ ತಪ್ಪಿರಬಹುದು.

ನಿಮ್ಮ ಮೆಕ್ಯಾನಿಕ್ ಅರ್ಥಿಂಗ್ ನೋಡಿಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬಹುಶಃ ನೋಡಿರುತ್ತಾರೆ. ಕರೆಂಟಿನ ದಾರಿ ಕೂಡಿದೆಯೇ ಎಂದು ಮಲ್ಟಿಮೀಟರ್ ಇಟ್ಟು ನೋಡಿದಾಗ 'ಬೀಪ್' ಅಂದಿರುತ್ತದೆ, ಸರಿ ಇದೆ ಎಂದುಕೊಂಡಿರುತ್ತಾರೆ. ಎಲ್ಲರೂ ಮೋಸಹೋಗುವುದು ಇಲ್ಲೇ. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ರಸ್ತೆಗೆ ಅಡ್ಡವಾಗಿ ಒಂದು ಟ್ರೇಲರ್ ಪಲ್ಟಿಯಾಗಿದೆ ಎಂದುಕೊಳ್ಳಿ. ಬೈಕಿನವನು ಸಂದಿಯಲ್ಲಿ ಸಲೀಸಾಗಿ ದಾಟುತ್ತಾನೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಬಂದಾಗ ಗೊತ್ತಾಗುತ್ತದೆ ರಸ್ತೆಯ ಗತಿ. ಬೀಪ್ ಪರೀಕ್ಷೆಯಲ್ಲಿ ಮೀಟರ್ ಕಳಿಸುವುದು ತೀರಾ ಸಣ್ಣ ಕರೆಂಟ್. ತಾಮ್ರದ ಒಂದೇ ಎಳೆ ಉಳಿದಿದ್ದರೂ ಅದು ದಾಟುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಜೋಡಣೆಯಲ್ಲಿ 0.01 ಓಮ್ ತಡೆ ಇದೆ ಎನ್ನೋಣ. ಸಾಮಾನ್ಯ ಮಲ್ಟಿಮೀಟರ್ ಅದನ್ನು ತೋರಿಸುವುದೇ ಇಲ್ಲ, ಅದರ ವೈರುಗಳ ತಡೆಯೇ ಅದಕ್ಕಿಂತ ಎಷ್ಟೋ ಜಾಸ್ತಿ. ಹೆಡ್‌ಲೈಟ್ ಲೋ ಬೀಮ್‌ನ ಎರಡು 55 ವ್ಯಾಟ್ ಬಲ್ಬಿಗೆ ಸುಮಾರು 9 ಆಂಪ್ ಬೇಕು. ಆ ಜೋಡಣೆಯಲ್ಲಿ 0.09 ವೋಲ್ಟ್ ಕಳೆದುಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸೆಲ್ಫ್ ಹೊಡೆದಾಗ 200 ಆಂಪ್ ಎಳೆದರೆ ಅದೇ ಜಾಗದಲ್ಲಿ 2 ವೋಲ್ಟ್ ಹೋಯಿತು. 'ಬ್ಯಾಟರಿ ಡೌನ್ ಆಗೇತಿ' ಎಂದು ಹೊಸ ಬ್ಯಾಟರಿ ಹಾಕಿಸುವವರಲ್ಲಿ ಕೆಲವರ ಕಥೆ ಇದೇ.

ಹಾಗಾಗಿ ಓಮ್ ಬಿಡಿ, ಲೋಡ್ ಹಾಕಿ ವೋಲ್ಟ್ ಅಳೆಯಿರಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ ಹಿಡಿಯಿರಿ, ಮೇಲಿನ ಕ್ಲಾಂಪಿಗಲ್ಲ. ಕೆಂಪು ಕಡ್ಡಿ ಎಂಜಿನ್‌ನ ಬರಿ ಲೋಹಕ್ಕೆ. ಎಂಜಿನ್ ಓಡಲಿ, ಹೆಡ್‌ಲೈಟ್, ಫ್ಯಾನ್, ವೈಪರ್ ಎಲ್ಲ ಹಾಕಿ. 0.1 ವೋಲ್ಟ್ ಒಳಗೆ ಬಂದರೆ ಚೆನ್ನಾಗಿದೆ. 0.2 ದಾಟಿದರೆ ಹುಡುಕಬೇಕು. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ಗಾಬರಿ ಬೇಡ, ಕರೆಂಟಿನ ದಿಕ್ಕು ಅಷ್ಟೇ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಅದೇ ಅಳತೆ ಮತ್ತೆ ನೋಡಿ. ಆಗ ಅರ್ಧ ವೋಲ್ಟ್ ದಾಟಿದರೆ ಜೋಡಣೆ ಖಂಡಿತ ಕೆಟ್ಟಿದೆ. ಆಮೇಲೆ ಕೆಂಪು ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ತನ್ನಿ: ಪಟ್ಟಿಯ ಎರಡು ತುದಿ, ಚಾಸಿಯ ಬೋಲ್ಟ್, ಕೇಬಲ್ಲಿನ ತುದಿಯ ಲೋಹದ ಲಗ್, ಬ್ಯಾಟರಿಯ ಕ್ಲಾಂಪ್. ಎಲ್ಲಿ ಅಂಕಿ ದಿಢೀರನೆ ಇಳಿಯುತ್ತದೋ ಅಲ್ಲೇ ಕೈ ಇಡಿ. ಇದೇ ಹೊತ್ತಿಗೆ ಬ್ಯಾಟರಿಯ ಎರಡೂ ಕಂಬದ ನಡುವೆಯೂ ನೋಡಿಬಿಡಿ. ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. 15 ದಾಟಿದರೆ ಡೈನಮೋದ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರಬಹುದು, ಅದು ಬೇರೆಯೇ ಕಥೆ.

ನಿಮ್ಮ ಗಾಡಿಯಲ್ಲಿ ನಾನು ಮೊದಲು ನೋಡುವುದು ಇನ್ವರ್ಟರನ್ನು. 1000 ವ್ಯಾಟ್ ಇನ್ವರ್ಟರ್ ಪೂರ್ತಿ ಲೋಡಿನಲ್ಲಿ 12 ವೋಲ್ಟಿನ ಕಡೆಯಿಂದ 90 ಆಂಪ್‌ಗಿಂತ ಜಾಸ್ತಿ ಎಳೆಯುತ್ತದೆ. ಹಾಕಿದವರು ಅದರ ಮೈನಸ್ ವೈರನ್ನು ಹತ್ತಿರ ಸಿಕ್ಕ ಸೀಟಿನ ಬೋಲ್ಟಿಗೋ ಡ್ಯಾಶ್‌ಬೋರ್ಡಿನ ಅರ್ಥಿಂಗಿಗೋ ಸೇರಿಸಿದ್ದರೆ ಮೀಟರ್ ಮುಳ್ಳುಗಳು ಕುಣಿಯದೆ ಇನ್ನೇನು ಮಾಡಿಯಾವು? ಇನ್ವರ್ಟರಿನ ಮೈನಸ್ ದಪ್ಪ ಕೇಬಲ್‌ನಲ್ಲಿ, 25ರಿಂದ 35 ಚದರ ಮಿಲಿಮೀಟರ್‌ನದು, ನೇರ ಅದರ ಬ್ಯಾಟರಿಗೇ ಹೋಗಬೇಕು. ಪ್ಲಸ್ ಕಡೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಫೈಬರ್ ಬಾಡಿಗೆ, ಪ್ಲೈವುಡ್ ಬೀರುವಿಗೆ ಕೂರಿಸಿದ ಲೈಟು ಫ್ಯಾನುಗಳಿಗೆ ಪ್ರತ್ಯೇಕ ಮೈನಸ್ ವೈರ್ ಬೇಕೇ ಬೇಕು. ಇನ್ವರ್ಟರಿನಿಂದ ಹೊರಬರುವ 230 ವೋಲ್ಟಿನ ಅರ್ಥಿಂಗ್ ಮಾತ್ರ ಜೀವದ ಪ್ರಶ್ನೆ. ಅದಕ್ಕೆ ಮನೆ ವೈರಿಂಗ್ ಬಲ್ಲವರನ್ನೇ ಕರೆಯಿರಿ.

ಡೀಸೆಲ್ ಮುಳ್ಳಿನ ದಾರಿ ಬೇರೆ. ಮಟ್ಟ ಅಳೆಯುವ ಅದರ ಫ್ಲೋಟ್ ಯೂನಿಟ್ ಟ್ಯಾಂಕಿನಲ್ಲಿದೆ, ಟ್ಯಾಂಕ್ ರಬ್ಬರ್ ಪಟ್ಟಿಯ ಮೇಲೆ ಕೂತು ಬೆಲ್ಟಿನಲ್ಲಿ ಬಿಗಿದಿರುತ್ತದೆ. ಪೇಂಟ್ ಹೊಡೆಯುವಾಗ ಟ್ಯಾಂಕ್ ಇಳಿಸಿ ಮತ್ತೆ ಏರಿಸಿದ್ದರೆ ಸಣ್ಣ ಅರ್ಥಿಂಗ್ ವೈರ್ ಹಾಕುವುದನ್ನು ಮರೆತಿರಬಹುದು, ಅಥವಾ ಪೇಂಟಿನ ಮೇಲೇ ಬಿಗಿದಿರಬಹುದು. ಕೀ ಬಂದ್ ಮಾಡಿ, ಯೂನಿಟ್ಟಿನ ಲೋಹದ ಭಾಗದಿಂದ ಚಾಸಿಯ ಕೆರೆದ ಜಾಗಕ್ಕೆ ಒಂದು ವೈರ್ ಬಿಗಿಯಾಗಿ ಕಟ್ಟಿ, ಆಮೇಲೆ ಕೀ ತಿರುಗಿಸಿ. ಟ್ಯಾಂಕಿನ ಹತ್ತಿರ ಕಿಡಿ ಹಾರಿಸುವ ಆಟ ಬೇಡ. ಹಿಂದಿನ ಲೈಟುಗಳನ್ನೂ ಒಮ್ಮೆ ನೋಡಿ. ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟೂ ಮಂದವಾಗಿ ಮಿಣುಕಿದರೆ ಅಲ್ಲಿಯ ಅರ್ಥಿಂಗೂ ಹೋಗಿದೆ, ಕರೆಂಟ್ ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತಿದೆ ಎಂದರ್ಥ. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ಲೋ ಗೇರ್ ಕೇಬಲ್ಲೋ ಬಿಸಿಯಾಗಿದ್ದರೆ ಆವತ್ತೇ ಗಾಡಿ ನಿಲ್ಲಿಸಿ ಸರಿಮಾಡಿಸಿ. ಎಂಜಿನ್ ಪಟ್ಟಿ ಕಡಿದು ನೂರಾರು ಆಂಪ್ ಆ ತೆಳು ಕೇಬಲ್ಲಿನಲ್ಲಿ ಹರಿಯುತ್ತಿರುತ್ತದೆ. ಬೆಂಕಿ ಹತ್ತಲು ಅಷ್ಟು ಸಾಕು.

ರಿಪೇರಿಯಲ್ಲಿ ಜಾಣತನಕ್ಕಿಂತ ಮೈಬಗ್ಗಿಸುವ ಕೆಲಸವೇ ಜಾಸ್ತಿ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಇನ್ವರ್ಟರಿಗೆ ಬೇರೆ ಬ್ಯಾಟರಿ ಇದ್ದರೆ ಅದರದ್ದೂ. ಪ್ರತಿ ಅರ್ಥಿಂಗ್ ಬೋಲ್ಟ್ ತೆಗೆದು, ಲಗ್ ಕೂರುವಷ್ಟು ಜಾಗವನ್ನು ವೈರ್ ಬ್ರಷ್, ಪಾಲಿಶ್ ಪೇಪರಿನಿಂದ ಹೊಳೆಯುವ ಕಬ್ಬಿಣ ಕಾಣುವ ತನಕ ಕೆರೆಯಿರಿ. ಹೊಸ ಪೇಂಟ್ ಹಾಳಾಯಿತಲ್ಲ ಎಂದು ಮರುಗಬೇಡಿ. ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ಗ್ರೀಸ್ ಸವರಿ. ಎಂಜಿನ್ ಪಟ್ಟಿ ಹಸಿರುಗಟ್ಟಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದು ಹಾಕಿ, ಅದೇನೂ ದುಬಾರಿ ಸಾಮಾನಲ್ಲ. ಹೊಸ ಸೆನ್ಸರನ್ನೂ ಬಿಚ್ಚಿ ನೋಡಿ: ಸೋರಬಾರದೆಂದು ಥ್ರೆಡ್ಡಿಗೆ ನಲ್ಲಿಯವರ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ದರೆ ಅದರ ಅರ್ಥಿಂಗ್ ಅಲ್ಲೇ ಕೆಟ್ಟಿರಬಹುದು. ಎಂಜಿನ್ ಆರಿದ ಮೇಲೆಯೇ ಬಿಚ್ಚಿ, ಕೂಲೆಂಟ್ ಸ್ವಲ್ಪ ಚೆಲ್ಲುತ್ತದೆ.

ಪೂರ್ತಿ ವೈರಿಂಗ್ ಬದಲಿಸಲೇಬೇಕಾದ ಗಾಡಿಗಳೂ ಇವೆ. ನಮ್ಮ ಕಡೆ 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬಂದಾಗ ಎಷ್ಟೋ ಊರು ನೀರಲ್ಲಿ ನಿಂತವು. ಅಂಥ ನೀರಿನಲ್ಲಿ ಮುಳುಗಿದ ಗಾಡಿಯಲ್ಲಿ ತಾಮ್ರ ಪ್ಲಾಸ್ಟಿಕ್ಕಿನ ಒಳಗೇ ಕಪ್ಪಾಗಿರುತ್ತದೆ, ಹೊರಗಿಂದ ವೈರ್ ಹೊಸದರಂತೆ ಕಾಣುತ್ತದೆ. ನಿಮಗೆ ಗಾಡಿ ಮಾರಿದವರನ್ನು ಕೇಳಿ. ಸಂಶಯ ಬಂದರೆ ಕಾಲಡಿಯ ಮ್ಯಾಟ್ ಎತ್ತಿ, ಅಲ್ಲಿ ಹಾದುಹೋಗುವ ಒಂದು ವೈರಿನ ತುದಿಯನ್ನು ಒಂದಿಂಚು ಸುಲಿದು ನೋಡಿ. ತಾಮ್ರ ಕೆಂಪಗೆ ಹೊಳೆದರೆ ವೈರಿಂಗ್ ಮುಟ್ಟಬೇಡಿ. ಕಪ್ಪಗಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಬಿಚ್ಚಿಸಿ ಹಾಕಿಸಿ.